ಐವತ್ತು ಗಜ

ಮಂಜುಗಡ್ಡೆಯ ಮೇಲೆ ಹುಲ್ಲು ಹಾಸುವುದು ನನ್ನ ಕೆಲಸ.
ಶುಕ್ರವಾರ ಹಾಕಿ, ಶನಿವಾರ ಫುಟ್‌ಬಾಲ್,
ಭಾನುವಾರ ನಾಯಿಗಳ ಪ್ರದರ್ಶನ.
ನಡುವಿನ ರಾತ್ರಿಗಳಲ್ಲಿ ನಾನು, ಓರ್ಟೇಗ,
ಗಡ್ಡೆಯ ಮೇಲೆ ಹಲಗೆ, ಹಲಗೆಯ ಮೇಲೆ
ಹದಿನಾಲ್ಕು ಸುರುಳಿ ಪ್ಲಾಸ್ಟಿಕ್ಕಿನ ಹಸಿರು.

ಬಯಲಿನಲ್ಲಿ ಆಡುವವರಿಗೆ ನೂರು ಗಜ.
ನೆಬ್ರಾಸ್ಕದ ಈ ಸೂರಿನಡಿ ಐವತ್ತೇ.
ಅಂಚಿಗೆ ಗೆರೆಯಿಲ್ಲ, ಗೋಡೆಯಿದೆ.
ಹೊರಗೆ ಹೋದೆ ಅಂತ ಯಾರೂ ಸೀಟಿ ಊದಬೇಕಿಲ್ಲ,
ಗೋಡೆಯೇ ಹೇಳುತ್ತದೆ, ಮೂಳೆಗೆ.

ಲವೊಂಟೆ ಪಿಕೆಟ್ ಬಂದದ್ದು ಒಂದು ಮಾರ್ಚಿನಲ್ಲಿ,
ಮಿಸಿಸಿಪ್ಪಿಯ ನಂಬರ್‌ಪ್ಲೇಟು, ಹಿಂದಿನ ಸೀಟೇ ಮಂಚ.
ರಿಸೀವರ್. ಬಂದದ್ದನ್ನು ಹಿಡಿಯುವವ.
ದೊಡ್ಡ ತಂಡಗಳು ಮೂರು ಸಲ ಕರೆದು ಮೂರು ಸಲ ಕಳಿಸಿದ್ದವು:
ಓಟದಲ್ಲಿ ಕಾಲು ಸೆಕೆಂಡು ತಡವಂತೆ.
'ಕಾಲೇ ಸೆಕೆಂಡು,' ಎಂದು ಬೆರಳುಗಳ ನಡುವೆ
ಚಿಟಿಕೆ ಉಪ್ಪು ಹಿಡಿದಂತೆ ತೋರಿಸಿದ.
ಗಟ್ಟಿಮುಟ್ಟಾದ ಎರಡು ಕಾಲನ್ನು
ಆ ಒಂದು ಕಾಲು ಕುಂಟಿಸಿತ್ತು.

ನಮ್ಮಲ್ಲಿ ಬೇರೆ ಕಾನೂನು.
ಚೆಂಡು ಎತ್ತುವ ಮೊದಲೇ ಓಡಬಹುದು ಒಬ್ಬ,
ಗೆರೆಯತ್ತ, ಪೂರಾ ವೇಗದಲ್ಲಿ.
ಚೆಂಡು ಎದ್ದಾಗ ಲವೊಂಟೆ ಆಗಲೇ ಹೊರಟಾಗಿರುತ್ತಿತ್ತು.
ಅವರು ಕಿತ್ತುಕೊಂಡ ಚಿಟಿಕೆಯನ್ನು
ಶನಿವಾರ ಶನಿವಾರ ನಾವು ವಾಪಸು ಕೊಟ್ಟೆವು.
ಜೊತೆಗೆ ಇನ್ನೂರು ಡಾಲರು, ಗೆದ್ದರೆ ಐವತ್ತು, ಆಮೇಲೆ ಪಿಜ್ಜಾ.
ವಾರದ ದಿನ ಕಸಾಯಿಖಾನೆಯ ಶೀತಲ ಕೋಣೆಯಲ್ಲಿ
ಸೊಮಾಲಿ ಹುಡುಗರ ಜೊತೆ ಪೆಟ್ಟಿಗೆ ಎತ್ತುತ್ತಿದ್ದ.

ದಕ್ಷಿಣದ ಗೋಡೆಯಲ್ಲಿ ದಂತವೈದ್ಯ ವೋಗೆಲ್ಲನ ಜಾಹೀರಾತು,
ಆಳೆತ್ತರದ ನಗು, ಮೂವತ್ತೆರಡೂ ಕಾಣುವಂತೆ.
ಲವೊಂಟೆಯ ಮೂಲೆ ಅದೇ.
ಹಿಡಿದ, ಭುಜ ಕೊಟ್ಟ, ನಗುವಿನೊಳಗೆ ಹೊಕ್ಕ.
ಎರಡನೇ ವರ್ಷ ಅವನ ಹಲ್ಲೊಂದು ಅಲ್ಲೇ ಉದುರಿತು.
ಹೆಕ್ಕಿ ಕಾಫಿ ಕಪ್ಪಿನಲ್ಲಿಟ್ಟು ಕೊಟ್ಟವನು ನಾನು.
ವೋಗೆಲ್ ದುಡ್ಡು ಕೇಳಲಿಲ್ಲ,
ಹೊಸ ಹಲ್ಲಿನ ಬಾಯನ್ನೇ ಗೋಡೆಗೆ ಅಂಟಿಸಿದ.
ಅಲ್ಲಿಂದ ಮುಂದೆ ಲವೊಂಟೆ ಗುದ್ದಿದ್ದೆಲ್ಲ
ತನ್ನದೇ ಮುಖಕ್ಕೆ.

ನಡುವೆ ಹೋದ, ಬಂದ.
ಟೋಪೀಕದ ತಂಡ ಮೇ ತಿಂಗಳಲ್ಲಿ ಮುಚ್ಚಿತು, ಸಂಬಳದ ಚೆಕ್ಕು
ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿತು.
ಬಿಸ್ಮಾರ್ಕಿನಲ್ಲಿ ಮಾಲೀಕ ಡೀಸೆಲ್ ತರುತ್ತೇನೆಂದು
ಬಸ್ಸಿನಿಂದಿಳಿದವನು ಇನ್ನೂ ತಂದಿಲ್ಲ.
ಪ್ರತಿ ಸಲ ನಮ್ಮ ಬಾಗಿಲಿಗೇ.
'ನಿನ್ನ ಹುಲ್ಲು ಚೆನ್ನಾಗಿದೆ' ಎನ್ನುತ್ತಿದ್ದ.
ಸುಳ್ಳು. ಮೂರು ಕಡೆ ಹೊಲಿಗೆ ಬಿಟ್ಟಿತ್ತು.

ಜನರ ನಡುವೆ ಬಿದ್ದ ಚೆಂಡು ಜನರದೇ, ಅದೂ ಕಾನೂನು.
ನೂರನೆಯ ಟಚ್‌ಡೌನಿನ ದಿನ ಗೋಡೆ ದಾಟಿ ಬಿದ್ದ,
ಮೂರನೇ ಸಾಲಿನ ಮುದುಕಿಯ ಮಡಿಲಿಗೆ, ಅವಳ ಚಿಪ್ಸು ಚೀಸಿನ ಮೇಲೆ.
ಚೆಂಡು ಅವಳ ಕೈಗೆ ಜಾರಿತು.
ಅವ್ವನಿಗೆ ಕಳಿಸಬೇಕು, ಕೊಡಿ, ಎಂದ.
'ಅವ್ವನನ್ನೇ ಕರೆದುಕೊಂಡು ಬಾ, ಪಕ್ಕದ ಸೀಟು ಖಾಲಿಯಿದೆ,'
ಎಂದು ಮುದುಕಿ ಚೆಂಡನ್ನು ಕೋಟಿನೊಳಗೆ ತುರುಕಿಕೊಂಡಳು.
ಅವ್ವ ಬರಲಿಲ್ಲ. ಬಸ್ಸಿಗೆ ಇಪ್ಪತ್ತೊಂದು ಗಂಟೆ, ಮಂಡಿ ನೋವು.

ಒಂಬತ್ತನೇ ವರ್ಷ, ಏಪ್ರಿಲ್.
ಚೆಂಡು ಬಂತು. ಅವನಿನ್ನೂ ಬರುತ್ತಿದ್ದ.
ಯಾರೂ ಗಡಿಯಾರ ಹಿಡಿದಿರಲಿಲ್ಲ,
ಎಷ್ಟು ತಡವೆಂದು ಅವನಿಗೆ ಗೊತ್ತಿತ್ತು, ನನಗೂ.

ಓರ್ಟೇಗನಿಗೆ ಬೆನ್ನುನೋವು. ಆ ರಾತ್ರಿ
ಹುಲ್ಲು ಸುತ್ತಲು ಲವೊಂಟೆಯೇ ಬಂದ,
ಮಡಚದ ಎರಡು ಬೆರಳು ಹೊರಗೆ ಚಾಚಿಕೊಂಡು.
ಹಲಗೆ ಎತ್ತಿದಲ್ಲಿ ಶೂ ಬಿಚ್ಚಿ, ಕಾಲುಚೀಲದಲ್ಲಿ
ಗಡ್ಡೆಯ ಮೇಲೆ ನಿಂತ.
'ಇದು ಯಾವಾಗಲೂ ಕೆಳಗೇ ಇತ್ತಾ?'
'ಇತ್ತು.'
'ಶೀತಲ ಕೋಣೆ ಇದಕ್ಕಿಂತ ಚಳಿ,' ಎಂದು ನಕ್ಕ,
ವೋಗೆಲ್ಲನ ಹಲ್ಲು ಕಂಡಿತು.
ಆರು ಗಂಟೆಗೆ ಅವನ ಪಾಳಿ.
ಇನ್ನೂ ಆರು ಸುರುಳಿ ಬಾಕಿಯಿದ್ದವು.